ಶಿಕಾಗೋದಲ್ಲಿ ಕಂಡ ಯೋಧರ ಆಸ್ಪತ್ರೆ

ಅಮೆರಿಕಕ್ಕೆ ಹೋಗಿ ಬಂದವರು ನಯಾಗರಾ ಜಲಪಾತವನ್ನೋ ಡಿಸ್ನಿಲ್ಯಾಂಡನ್ನೋ ವರ್ಣಿಸಿ ಬರೆಯುವುದು ನಮ್ಮಲ್ಲಿ ವಾಡಿಕೆ. ನಮ್ಮ ಸಂಘದ ಪತ್ರಿಕೆಯಲ್ಲೂ ಅಂಥ ಲೇಖನಗಳು ಅನೇಕ ಬಂದಿವೆ, ನಾನೂ ಆಸೆಯಿಂದ ಓದಿದ್ದೇನೆ. 2024ರ ಬೇಸಿಗೆಯಲ್ಲಿ ನಾನು ಮತ್ತು ನನ್ನ ತಂಗಿ ಶಿಕಾಗೋಗೆ ಹೋಗಿ ಆರು ವಾರ ಇದ್ದು ಬಂದೆವು. ಸಮುದ್ರದಂತೆ ಕಾಣುವ ಮಿಶಿಗನ್ ಸರೋವರ, 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ಕಟ್ಟಡ, ಮೋಡ ಮುಟ್ಟುವ ಗೋಪುರಗಳು ಎಲ್ಲವನ್ನೂ ನೋಡಿದೆವು. ಆದರೆ ಊರಿಗೆ ಬಂದ ಮೇಲೆ ಮತ್ತೆ ಮತ್ತೆ ನೆನಪಿಗೆ ಬರುತ್ತಿರುವುದು ಅವು ಯಾವುವೂ ಅಲ್ಲ, ನಗರದ ಪಶ್ಚಿಮಕ್ಕಿರುವ ಒಂದು ಸರ್ಕಾರಿ ಆಸ್ಪತ್ರೆ. ಆಸ್ಪತ್ರೆಯನ್ನು ಪ್ರವಾಸಿ ತಾಣವೆಂದು ಬರೆಯುವುದುಂಟೇ ಎಂದು ಓದುಗರು ನಗಬಹುದು. ಸ್ವಲ್ಪ ತಾಳ್ಮೆಯಿಂದ ನನ್ನ ಜೊತೆ ಬನ್ನಿ.

ನನ್ನ ತಂಗಿಯ ಮಗಳು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡಿಗ ಹುಡುಗನನ್ನು ಮದುವೆಯಾಗಿ ಶಿಕಾಗೋಗೆ ಹೋದವಳು. ಅಲ್ಲಿ ಕಮ್ಯುನಿಟಿ ಕಾಲೇಜು ಸೇರಿ, ಆಂಬುಲೆನ್ಸಿನಲ್ಲಿ ಕೆಲಸ ಮಾಡುವವರಿಗೆ ಕೊಡುವ ಇ.ಎಂ.ಟಿ. ತರಬೇತಿ ಪಡೆದು, ಒಂದೆರಡು ವರ್ಷ ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಹೃದಯದ ಬಡಿತವನ್ನು ಪರದೆಯ ಮೇಲೆ ನೋಡುತ್ತಾ ಕೂರುವ ಕೆಲಸ ಮಾಡಿದಳು. ಪೌರತ್ವ ಸಿಕ್ಕ ಮೇಲೆ 2019ರಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ, ಅಂದರೆ ಐಸಿಯುಗೆ, ಸೇರಿದಳು. ಹುದ್ದೆಯ ಹೆಸರು ಹೆಲ್ತ್ ಟೆಕ್ನಿಷಿಯನ್. ಡಾಕ್ಟರಲ್ಲ, ನರ್ಸ್ ಅಲ್ಲ, ಆಯಾ ಕೂಡ ಅಲ್ಲ. ಇವು ಮೂರರ ನಡುವೆ ಎಲ್ಲೋ ಇರುವ ಕೆಲಸ.

ಈ 'ಎಲ್ಲೋ' ಎಂಬುದೇ ನನ್ನ ತಂಗಿಗೆ ಕಷ್ಟವಾಗಿತ್ತು. ಊರಿನಲ್ಲಿ ಯಾರಾದರೂ "ಮಗಳು ಡಾಕ್ಟರೇ, ನರ್ಸೇ?" ಎಂದು ಕೇಳಿದರೆ "ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು. ನಾವು ಹೋದ ಮೊದಲ ವಾರ ರಾತ್ರಿ ಊಟದ ಹೊತ್ತಿನಲ್ಲಿ ಅದು ಹೊರಗೆ ಬಂದೇ ಬಂತು. "ಅಲ್ಲ ಕಣೇ, ಯಾರ್‍ಯಾರದ್ದೋ ಮೈ ತೊಳೆಯೋ ಕೆಲಸಕ್ಕೆ ಬಿ.ಎಸ್ಸಿ. ಓದಿಸಬೇಕಿತ್ತಾ? ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?" ಎಂದಳು. ಹುಡುಗಿಗೆ ಸಿಟ್ಟು ಬರಲಿಲ್ಲ. "ನಾಳೆ ನಂಗೆ ರಜಾ ಅಮ್ಮ. ಬಾ, ತೋರಿಸ್ತೀನಿ. ದೊಡ್ಡಮ್ಮ, ನೀವೂ ಬನ್ನಿ. ಐಸಿಯು ಒಳಗೆ ಬಿಡಲ್ಲ, ಹೊರಗಿನದು ನೋಡಿದ್ರೂ ಸಾಕು" ಎಂದಳು.

ಅವಳ ಮನೆ ಇರುವುದು ಓಕ್ ಪಾರ್ಕ್ ಎಂಬ ಊರಿನಲ್ಲಿ. ಹೆಸರಿಗೆ ತಕ್ಕಂತೆ ದೊಡ್ಡ ದೊಡ್ಡ ಮರಗಳ ನೆರಳಿನ ಬೀದಿಗಳು. ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ 1899ರಲ್ಲಿ ಹುಟ್ಟಿದ ಮನೆ ಅಲ್ಲೇ ಇದೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಆ ಮನೆಯನ್ನು ಕಂಡು ಆದ ಸಂತೋಷ ಹೇಳತೀರದು. 1929ರಲ್ಲಿ ಪ್ರಕಟವಾದ 'ಎ ಫೇರ್‌ವೆಲ್ ಟು ಆರ್ಮ್ಸ್' ಓದಿದವರಿಗೆ ಗೊತ್ತಿರುತ್ತದೆ, ಮೊದಲ ಮಹಾಯುದ್ಧದಲ್ಲಿ ಆತ ಬಂದೂಕು ಹಿಡಿದು ಹೋದವನಲ್ಲ. ಹದಿನೆಂಟು ವರ್ಷದ ಹುಡುಗ, ರೆಡ್‌ಕ್ರಾಸ್ ಆಂಬುಲೆನ್ಸಿನ ಚಾಲಕನಾಗಿ ಇಟಲಿಗೆ ಹೋದ. 1918ರ ಜುಲೈಯಲ್ಲಿ ಶೆಲ್ ಸಿಡಿದು ಕಾಲುಗಳಿಗೆ ತೀವ್ರ ಗಾಯವಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ಅವನು ಸೈನಿಕನೂ ಅಲ್ಲ, ವೈದ್ಯನೂ ಅಲ್ಲ, ಗಾಯಾಳುಗಳನ್ನು ಹೊತ್ತು ತರುವವನು.

ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿರುವ ಆಸ್ಪತ್ರೆಗೂ ಅದೇ ವರ್ಷದ ಇನ್ನೊಬ್ಬ ಯುವಕನ ಹೆಸರಿದೆ. ಎಡ್ವರ್ಡ್ ಹೈನ್ಸ್ ಎಂಬ ಶಿಕಾಗೋದ ದೊಡ್ಡ ಮರದ ವ್ಯಾಪಾರಿಯ ಮಗ ಲೆಫ್ಟಿನೆಂಟ್ ಆಗಿ ಫ್ರಾನ್ಸಿಗೆ ಹೋಗಿ 1918ರ ಜೂನ್‌ನಲ್ಲಿ ಅಲ್ಲೇ ತೀರಿಕೊಂಡ. ಆ ಜಾಗದಲ್ಲಿ ಮುಂಚೆ ಇದ್ದದ್ದು ಕಾರುಗಳ ರೇಸ್ ಮೈದಾನ. ಮರದ ಹಲಗೆಗಳನ್ನು ಜೋಡಿಸಿ ಮಾಡಿದ ಎರಡು ಮೈಲಿ ಸುತ್ತಿನ ಆ ರೇಸ್‌ಪಥ 1915ರಲ್ಲಿ ಶುರುವಾಗಿ ಮೂರು ವರ್ಷದಲ್ಲೇ ಮುಚ್ಚಿಹೋಯಿತು. ಮಗನ ನೆನಪಿಗೆ ಹೈನ್ಸ್ ಅಲ್ಲಿ ಆಸ್ಪತ್ರೆ ಕಟ್ಟಲು ದೊಡ್ಡ ಮೊತ್ತದ ಹಣ ಕೊಟ್ಟರು. 1921ರಲ್ಲಿ ಆಸ್ಪತ್ರೆ ತೆರೆಯಿತು. ಇಂದಿಗೂ ಅದರ ಹೆಸರು ಎಡ್ವರ್ಡ್ ಹೈನ್ಸ್ ಜೂನಿಯರ್ ಆಸ್ಪತ್ರೆ. ಆ ಊರನ್ನೂ ಹೈನ್ಸ್ ಎಂದೇ ಕರೆಯುತ್ತಾರೆ.

ಶಿಕಾಗೋದಿಂದ ಹೋಗುವವರು ಬ್ಲೂ ಲೈನ್ ರೈಲಿನಲ್ಲಿ ಕೊನೆಯ ನಿಲ್ದಾಣವಾದ ಫಾರೆಸ್ಟ್ ಪಾರ್ಕ್‌ವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ನಾವು ಕಾರಿನಲ್ಲಿ ಹೋದೆವು. ಹತ್ತಿರವೇ ಲೊಯೋಲಾ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರ. ಈ ಕಡೆ ವಿಶಾಲವಾದ ಹುಲ್ಲು, ಮರಗಳು, ನಡುವೆ ಅಲ್ಲಲ್ಲಿ ಕಟ್ಟಡಗಳು, ಎತ್ತರದಲ್ಲಿ ಹಾರುವ ಧ್ವಜ. ನೋಡಿದರೆ ನಮ್ಮ ಪುಣೆಯ ದಂಡು ಪ್ರದೇಶದೊಳಗೆ ಹೋದ ಹಾಗೆ ಅನ್ನಿಸಿತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಅಮೆರಿಕದಲ್ಲಿ ಕಾಯಿಲೆ ಬಿದ್ದರೆ ವಿಮೆಯೇ ದೇವರು ಎಂದು ಎಲ್ಲರೂ ಕೇಳಿರುತ್ತೀರಿ. ಅದೇ ದೇಶದಲ್ಲಿ ಸರ್ಕಾರವೇ ಆಸ್ಪತ್ರೆ ಕಟ್ಟಿ, ಸರ್ಕಾರವೇ ಡಾಕ್ಟರಿಗೂ ನರ್ಸಿಗೂ ಸಂಬಳ ಕೊಟ್ಟು ನಡೆಸುವ ದೊಡ್ಡ ವ್ಯವಸ್ಥೆಯೊಂದಿದೆ. ಅದು ಮಾಜಿ ಸೈನಿಕರಿಗೆ ಮೀಸಲು. ಎಲ್ಲರೂ ಚಿಕ್ಕದಾಗಿ 'ವಿಎ' ಎನ್ನುತ್ತಾರೆ. 1930ರಲ್ಲಿ ಬೇರೆ ಬೇರೆ ಕಚೇರಿಗಳನ್ನು ಒಂದುಗೂಡಿಸಿ ಇದನ್ನು ರಚಿಸಿದರು, 1989ರಲ್ಲಿ ಇದು ಪೂರ್ಣ ಪ್ರಮಾಣದ ಸಚಿವಾಲಯವಾಯಿತು. ದೇಶದಾದ್ಯಂತ ಸುಮಾರು 170 ಆಸ್ಪತ್ರೆಗಳು, ಹೆಸರು ನೋಂದಾಯಿಸಿದ ಮಾಜಿ ಸೈನಿಕರು ಸುಮಾರು 90 ಲಕ್ಷ. ಯುದ್ಧದ ಭಾರ ಹೊತ್ತವನನ್ನು, ಅವನ ವಿಧವೆಯನ್ನು, ಮಗುವನ್ನು ನೋಡಿಕೊಳ್ಳಬೇಕೆಂದು ಅಬ್ರಹಾಂ ಲಿಂಕನ್ 1865ರಲ್ಲಿ ಹೇಳಿದ ಮಾತೇ 1959ರಿಂದ ಇದರ ಧ್ಯೇಯವಾಕ್ಯವಾಗಿತ್ತು. ಸೈನ್ಯದಲ್ಲಿ ಈಗ ಹೆಣ್ಣುಮಕ್ಕಳೂ ಇದ್ದಾರಲ್ಲ, 2023ರಲ್ಲಿ ಅವರೂ ಒಳಗೊಳ್ಳುವಂತೆ ಆ ವಾಕ್ಯವನ್ನು ಬದಲಿಸಿದರು.

ಎಲ್ಲವೂ ಸುಂದರವಾಗಿದೆ ಎಂದೇನೂ ಅಲ್ಲ. 2014ರಲ್ಲಿ ಅರಿಜೋನಾದ ಫೀನಿಕ್ಸ್ ವಿಎ ಆಸ್ಪತ್ರೆಯಲ್ಲಿ ಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದವರ ಪಟ್ಟಿಯನ್ನೇ ಮುಚ್ಚಿಟ್ಟ ಸಂಗತಿ ಹೊರಬಿದ್ದು, ಸಚಿವ ಎರಿಕ್ ಶಿನ್‌ಸೆಕಿ ರಾಜೀನಾಮೆ ಕೊಡಬೇಕಾಯಿತು. ಆದರೆ ಒಳ್ಳೆಯದೂ ಬಹಳ ನಡೆದಿದೆ. ಎದೆಯೊಳಗೆ ಕೂರಿಸುವ ಪೇಸ್‌ಮೇಕರನ್ನು 1960ರಲ್ಲಿ ಬಫಲೋ ಊರಿನ ವಿಎ ಆಸ್ಪತ್ರೆಯ ಡಾಕ್ಟರ್ ವಿಲಿಯಂ ಚಾರ್ಡ್ಯಾಕ್ ಮತ್ತು ಸಂಗಡಿಗರು ರೋಗಿಗಳಿಗೆ ಅಳವಡಿಸಿದರು. ಕಣ್ಣು ಕಳೆದುಕೊಂಡ ಯೋಧರಿಗೆ ಮತ್ತೆ ನಡೆಯಲು, ಬದುಕಲು ಕಲಿಸುವ ವಿಎಯ ಮೊದಲ ಕೇಂದ್ರ ಶುರುವಾದದ್ದು ಇದೇ ಹೈನ್ಸ್‌ನಲ್ಲಿ, 1948ರಲ್ಲಿ. ಅದರ ಮೊದಲ ಮುಖ್ಯಸ್ಥ ರಸೆಲ್ ವಿಲಿಯಮ್ಸ್ ಸ್ವತಃ ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡವರು. ಉದ್ದನೆಯ ಬಿಳಿಕೋಲನ್ನು ನೆಲದ ಮೇಲೆ ಎಡಕ್ಕೂ ಬಲಕ್ಕೂ ಆಡಿಸುತ್ತಾ ನಡೆಯುವ ಕ್ರಮ ಇಂಥ ಯೋಧರ ಆಸ್ಪತ್ರೆಗಳಿಂದಲೇ ಲೋಕಕ್ಕೆಲ್ಲ ಹರಡಿತು.

ಊಟದ ಹೊತ್ತಿಗೆ ಅಲ್ಲಿನ ಕ್ಯಾಂಟೀನಿನಲ್ಲಿ ಕುಳಿತೆವು. ಸುತ್ತ ಟೋಪಿಗಳ ಸಂತೆ. ವಿಯೆಟ್ನಾಂ, ಇರಾಕ್, ಆಫ್ಘಾನಿಸ್ತಾನ ಎಂದು ಟೋಪಿಯ ಮೇಲೆ ಹೆಣೆದಿರುತ್ತದೆ. ಟೋಪಿ ನೋಡಿದರೆ ವಯಸ್ಸು ಹೇಳಬಹುದು. ಗಾಲಿಕುರ್ಚಿಯಲ್ಲಿದ್ದ ಒಬ್ಬ ತೊಂಬತ್ತು ದಾಟಿದ ಅಜ್ಜನ ಟೋಪಿಯಲ್ಲಿ 'ಕೊರಿಯಾ' ಎಂದಿತ್ತು. ನಮ್ಮ ಸೀರೆ ನೋಡಿ "ಇಂಡಿಯಾದವರೇ?" ಎಂದು ಕೇಳಿದರು. ಹೌದೆಂದಾಗ, "ನಿಮ್ಮ ಆಂಬುಲೆನ್ಸಿನವರು ಅಲ್ಲಿ ನಮ್ಮ ಜೊತೆ ಇದ್ದರು. ಕಡುಗೆಂಪು ಟೋಪಿ" ಎಂದು ಕೈಯಿಂದ ತಲೆ ಮುಟ್ಟಿ ತೋರಿಸಿದರು.

ಅವರು ಹೇಳಿದ್ದು ಭಾರತದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ದಳ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ 1950ರ ನವೆಂಬರ್‌ನಲ್ಲಿ ಕೊರಿಯಾಕ್ಕೆ ಹೋದ ಈ ದಳ ಸಾವಿರಾರು ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟಿತು. 1951ರ ಮಾರ್ಚ್‌ನಲ್ಲಿ ಅಮೆರಿಕನ್ ಸೈನಿಕರ ಜೊತೆ ಈ ದಳದ ಹನ್ನೆರಡು ಮಂದಿ ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಧುಮುಕಿದರು. ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಕಳಿಸುವ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ನನ್ನ ತಂಗಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ "ಜನರಲ್ ತಿಮ್ಮಯ್ಯ, ಅವರ್ ಸ್ಟೇಟ್" ಎಂದಳು. ಅಜ್ಜ ಖುಷಿಯಾಗಿ ಅವಳ ಕೈ ಕುಲುಕಿದರು. ಹೋಗುವಾಗ ನಮ್ಮ ಹುಡುಗಿಯ ಕಡೆ ಬೆರಳು ಮಾಡಿ, "ಇವಳೂ ಆಂಬುಲೆನ್ಸಿನವಳೇ" ಎಂದರು. ಚಳಿಗಾಲದಲ್ಲಿ ಹದಿಮೂರು ದಿನ ಐಸಿಯುನಲ್ಲಿ ಮಲಗಿದ್ದವರಂತೆ.

ಊಟ ಮುಗಿಸಿ ಹೊರಗಿನ ಬೆಂಚಿನ ಮೇಲೆ ಕುಳಿತಾಗ ಅವಳು ತನ್ನ ದಿನಚರಿ ಹೇಳಿದಳು. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ವಾರಕ್ಕೆ ಮೂರು ದಿನ, ದಿನಕ್ಕೆ ಹನ್ನೆರಡು ಗಂಟೆ ಕೆಲಸ. ಬೆಳಿಗ್ಗೆ ಏಳಕ್ಕೆ ಹೋದ ಕೂಡಲೇ ಮೊದಲ ಕೆಲಸ ರೋಗಿಯದ್ದಲ್ಲ, ಯಂತ್ರಗಳದ್ದು. ತಾಳ ತಪ್ಪಿ ಅದುರುವ ಹೃದಯಕ್ಕೆ ವಿದ್ಯುತ್ತಿನ ಹೊಡೆತ ಕೊಡುವ ಡಿಫಿಬ್ರಿಲೇಟರ್ ಸರಿಯಾಗಿದೆಯೇ, ತುರ್ತು ಗಾಡಿಯ ಬೀಗ ಒಡೆದಿಲ್ಲ ತಾನೇ, ಗಂಟಲ ಕಫ ಎಳೆಯುವ ಯಂತ್ರ ಎಳೆಯುತ್ತಿದೆಯೇ, ಕೈಯಿಂದ ಒತ್ತಿ ಉಸಿರು ಕೊಡುವ ಚೀಲ ಪ್ರತಿ ಹಾಸಿಗೆಯ ಬಳಿಯೂ ಇದೆಯೇ ಎಂದು ಒಂದೊಂದಾಗಿ ನೋಡಿ ಸಹಿ ಹಾಕಬೇಕು. ಬೇಕಾದಾಗ ಹುಡುಕಿದರೆ ಆಗದು, ಬೇಕಾಗುವ ಮುಂಚೆ ಇರಬೇಕು. ಮನೆಗೆ ನೆಂಟರು ಬಂದು ನಿಂತ ಮೇಲೆ ಕಾಫಿಪುಡಿ ಹುಡುಕುವವರಿಗೆ ಈ ಮಾತು ಅರ್ಥವಾದೀತು!

ಆಮೇಲೆ ಅಳತೆಯ ಕೆಲಸ. ತೀವ್ರ ಕಾಯಿಲೆಯವರ ಕೈಯ ರಕ್ತನಾಳದೊಳಗೆ ಸಣ್ಣ ನಳಿಕೆ ಇಟ್ಟು ಕ್ಷಣಕ್ಷಣದ ಬಿ.ಪಿ. ನೋಡುತ್ತಾರೆ. ನಳಿಕೆಯನ್ನು ಡಾಕ್ಟರು ಹಾಕಿದರೂ ಅದಕ್ಕೆ ಬೇಕಾದ ಕೊಳವೆಗಳನ್ನು ಗಾಳಿಗುಳ್ಳೆ ಇಲ್ಲದಂತೆ ತುಂಬಿ ಸಿದ್ಧ ಮಾಡಿಡುವುದು ಇವಳ ಪಾಲು. ಅಳೆಯುವ ಉಪಕರಣ ರೋಗಿಯ ಹೃದಯದ ಮಟ್ಟಕ್ಕೆ ಸರಿಯಾಗಿರಬೇಕು. ಹತ್ತು ಸೆಂಟಿಮೀಟರ್ ಕೆಳಗೆ ಜಾರಿದರೂ ಬಿ.ಪಿ. ಏಳೆಂಟು ಅಂಕ ಹೆಚ್ಚಾಗಿ ಕಾಣುತ್ತದೆ. ಪರದೆಯ ಮೇಲೆ ಎಲ್ಲ ಚೆನ್ನಾಗಿದೆ, ಮಲಗಿದವನ ಬಿ.ಪಿ. ಮಾತ್ರ ಇಳಿಯುತ್ತಿದೆ ಎಂಬಂತಾಗುತ್ತದೆ. ಹಾಸಿಗೆಯನ್ನು ಏರಿಸಿದಾಗ, ಇಳಿಸಿದಾಗಲೆಲ್ಲ ಇದನ್ನು ಸರಿಪಡಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ನೋಡಿದ್ದೇವೆ. ಅದು ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುತ್ತದೆಂದು 2020ರಲ್ಲಿ ಅಮೆರಿಕದ ಸಂಶೋಧಕರು ಅಂಕಿ ಅಂಶ ಸಮೇತ ತೋರಿಸಿಕೊಟ್ಟರು. "ಅದಕ್ಕೇ ದೊಡ್ಡಮ್ಮ, ನಂಬರ್ ನೋಡಿದ ಮೇಲೆ ಮುಖಾನೂ ನೋಡಬೇಕು. ಉಸಿರಾಡೋಕೆ ಕಷ್ಟಪಡ್ತಿದಾರಾ, ತುಟಿ ಹೇಗಿದೆ ಅಂತ. ಏನಾದ್ರೂ ಬೇರೆ ಅನ್ನಿಸಿದ್ರೆ ನರ್ಸನ್ನ ಕರೀತೀನಿ" ಎಂದಳು.

ಇನ್ನು ನನ್ನ ತಂಗಿ ಹೇಳಿದ 'ಮೈ ತೊಳೆಯುವ' ಕೆಲಸ. ಪ್ರಜ್ಞೆ ಇಲ್ಲದೆ ಮಲಗಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ರಕ್ತಸಂಚಾರ ನಿಂತು ಹುಣ್ಣಾಗುತ್ತದೆ. ಆ ಹುಣ್ಣು ಎಲುಬಿನವರೆಗೂ ಹೋಗಬಹುದು. ವೆಂಟಿಲೇಟರಿನಲ್ಲಿರುವವರ ತಲೆಯ ಭಾಗವನ್ನು ಮೂವತ್ತು ಡಿಗ್ರಿಗಿಂತ ಮೇಲೆ ಎತ್ತಿಡಬೇಕು, ಹಲ್ಲುಜ್ಜಿಸಬೇಕು. ಇಲ್ಲದಿದ್ದರೆ ಬಾಯಿಯ ಕ್ರಿಮಿಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಎಷ್ಟೋ ಲಕ್ಷದ ಯಂತ್ರಗಳ ನಡುವೆ ಜೀವ ಉಳಿಸುವುದರಲ್ಲಿ ಒಂದು ಹಲ್ಲುಜ್ಜುವ ಬ್ರಷ್ಷಿಗೂ ಪಾಲಿದೆ ಎಂಬುದನ್ನು ಕೇಳಿ ನಾನು ಬೆರಗಾದೆ. ನೌಕಾಪಡೆಯಲ್ಲಿದ್ದ ಒಬ್ಬ ಅಜ್ಜ ಪ್ರಜ್ಞೆ ಬಂದ ಕೂಡಲೇ ಗಡ್ಡ ಮುಟ್ಟಿಕೊಂಡು ಅತ್ತುಬಿಟ್ಟರಂತೆ. ಹದಿನೆಂಟನೇ ವಯಸ್ಸಿನಿಂದ ಒಂದು ದಿನವೂ ಗಡ್ಡ ಬಿಟ್ಟವರಲ್ಲ. ರಕ್ತ ತೆಳುವಾಗಿಸುವ ಔಷಧಿ ಕೊಡುತ್ತಿದ್ದುದರಿಂದ ಬ್ಲೇಡು ಮುಟ್ಟಿಸುವಂತಿರಲಿಲ್ಲ. ಇವಳು ಎಲೆಕ್ಟ್ರಿಕ್ ಶೇವರ್ ತಂದು ನಿಧಾನವಾಗಿ ಗಡ್ಡ ತೆಗೆದು ಕನ್ನಡಿ ಹಿಡಿದಳು. ಅಂದು ಅವರು ಎರಡು ಚಮಚ ಗಂಜಿ ಹೆಚ್ಚಾಗಿ ಕುಡಿದರಂತೆ.

ಯೋಧರ ಆಸ್ಪತ್ರೆಗೆ ತನ್ನದೇ ಆದ ಒಂದು ಎಚ್ಚರಿಕೆಯೂ ಇದೆ. ಯುದ್ಧ ಕಂಡವರನ್ನು ನಿದ್ದೆಯಲ್ಲಿ ಮುಟ್ಟಿ ಎಬ್ಬಿಸಬಾರದು. ಐವತ್ತು ವರ್ಷದ ಹಿಂದಿನ ಕಾಡು, ಮರಳುಗಾಡು ಇನ್ನೂ ಅವರ ಕನಸಿನಲ್ಲಿರುತ್ತದೆ. ಅರೆ ಪ್ರಜ್ಞೆಯಲ್ಲಿ ಕಣ್ಣು ಬಿಟ್ಟಾಗ ಗಂಟಲಲ್ಲಿ ಕೊಳವೆ, ಕೈಕಾಲಿಗೆ ತಂತಿಗಳು, ಎಲ್ಲೆಲ್ಲೂ ಅಲಾರಂ, ಮೇಲೆ ಬಗ್ಗಿದ ಅಪರಿಚಿತ ಮುಖ! ಶತ್ರುವಿನ ಕೈಗೆ ಸಿಕ್ಕಿದ್ದೇನೆಂದು ಹೊಡೆಯಲು ಬರುವವರುಂಟು. ಆದ್ದರಿಂದ ಇವಳು ಕಾಲ ಬದಿಯಲ್ಲಿ, ಕಣ್ಣಿಗೆ ಕಾಣುವಂತೆ ನಿಂತು, ಹೆಸರು ಹಿಡಿದು ಕರೆದು, "ನೀವು ಶಿಕಾಗೋ ಹತ್ತಿರದ ವಿಎ ಆಸ್ಪತ್ರೆಯಲ್ಲಿದ್ದೀರಿ, ಇವತ್ತು ಮಂಗಳವಾರ" ಎಂದು ಹೇಳಿ, ಮುಟ್ಟಲೇ ಎಂದು ಕೇಳಿ ಆಮೇಲೆ ಮುಟ್ಟುತ್ತಾಳೆ. ಕನ್ನಡಕ ಹಾಕುತ್ತಾಳೆ, ಕಿವಿಯ ಯಂತ್ರ ಸಿಕ್ಕಿಸುತ್ತಾಳೆ. ಗುಂಡಿನ ಸದ್ದಿಗೆ ಕಿವಿ ಮಂದವಾದವರು, ಕಿವಿಯಲ್ಲಿ ಸದಾ ಗುಂಯ್‌ಗುಡುವವರು ಮಾಜಿ ಸೈನಿಕರಲ್ಲಿ ಬಹಳ.

ಅವಳ ಜೊತೆ ಕೆಲಸ ಮಾಡುವ ಒಬ್ಬನನ್ನು ಅಂದು ಕಂಡೆವು. ಎತ್ತರದ ಕರಿಯ ಹುಡುಗ, ಬಹಳ ವಿನಯಸ್ಥ. ನೌಕಾಪಡೆಯ ವೈದ್ಯಕೀಯ ಸಹಾಯಕನಾಗಿ ಆಫ್ಘಾನಿಸ್ತಾನದಲ್ಲಿದ್ದವನು. ಗುಂಡು ಹಾರುತ್ತಿರುವಾಗ ಸ್ನೇಹಿತನ ತೊಡೆಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿದವನು ಊರಿಗೆ ಬಂದರೆ, ಇಲ್ಲಿನ ಸರ್ಟಿಫಿಕೇಟ್ ಇಲ್ಲವೆಂದು ಯಾವ ಆಸ್ಪತ್ರೆಯಲ್ಲೂ ಅದೇ ಕೆಲಸ ಕೊಡುವಂತಿರಲಿಲ್ಲ. ಇಂಥವರಿಗಾಗಿಯೇ ವಿಎ 2012ರ ಕೊನೆಯಲ್ಲಿ ಒಂದು ಯೋಜನೆ ಪ್ರಾರಂಭಿಸಿ, ಸೈನ್ಯದಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರನ್ನು ಹೆಲ್ತ್ ಟೆಕ್ನಿಷಿಯನ್‌ಗಳಾಗಿ ತೆಗೆದುಕೊಳ್ಳತೊಡಗಿತು. ಯಾರದಾದರೂ ಹೃದಯ ನಿಂತಾಗ ಇವರಿಬ್ಬರೂ ಸರದಿಯಲ್ಲಿ ಎದೆ ಒತ್ತುತ್ತಾರೆ. ಸಿನಿಮಾದಲ್ಲಿ ತೋರಿಸುವಂತೆ ಮೆಲ್ಲಗಲ್ಲ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರ ಇಪ್ಪತ್ತು ಬಾರಿ. ಎರಡೇ ನಿಮಿಷಕ್ಕೆ ಒತ್ತುವವರ ಬಲ ಕುಗ್ಗುವುದರಿಂದ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು. ಪಕ್ಕೆಲುಬು ಮುರಿಯುವ ಸದ್ದು ಕೇಳಿದರೂ ನಿಲ್ಲಿಸುವಂತಿಲ್ಲ. ಅಷ್ಟಾಗಿಯೂ ಎಷ್ಟೋ ಸಲ ಹೃದಯ ಮತ್ತೆ ಹೊಡೆದುಕೊಳ್ಳುವುದಿಲ್ಲ.

ಆಗ ಏನು ಮಾಡುತ್ತಾರೆ? ಹಲವು ವಿಎ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಇದೆ. ಮೃತ ಯೋಧನ ದೇಹದ ಮೇಲೆ ರಾಷ್ಟ್ರಧ್ವಜ ಹೊದಿಸಿ ಮೆಲ್ಲಗೆ ತಳ್ಳಿಕೊಂಡು ಹೋಗುತ್ತಾರೆ. ಡಾಕ್ಟರು, ನರ್ಸು, ಕಸ ಗುಡಿಸುವವರು, ಅಡಿಗೆಯವರು, ಯಾರು ಯಾರು ಬಿಡುವಾಗಿದ್ದಾರೋ ಅವರೆಲ್ಲ ಓಣಿಯ ಎರಡೂ ಬದಿಗೆ ಸಾಲಾಗಿ ಮೌನವಾಗಿ ನಿಲ್ಲುತ್ತಾರೆ. ಸೈನ್ಯದಲ್ಲಿದ್ದವರು ಸೆಲ್ಯೂಟ್ ಮಾಡುತ್ತಾರೆ, ಉಳಿದವರು ಎದೆಯ ಮೇಲೆ ಕೈ ಇಡುತ್ತಾರೆ. ದೇಹವನ್ನು ಕೊನೆಯ ಬಾರಿ ತೊಳೆದು, ಕೊಳವೆಗಳನ್ನು ತೆಗೆದು, ತಲೆ ಬಾಚುವವರಲ್ಲಿ ಟೆಕ್ನಿಷಿಯನ್‌ಗಳೂ ಇರುತ್ತಾರೆ.

ಇದನ್ನು ಹೇಳುತ್ತಾ ಹೇಳುತ್ತಾ ನಮ್ಮ ಹುಡುಗಿ ಸುಮ್ಮನಾದಳು. ಆಮೇಲೆ ಅಮ್ಮನ ಕಡೆ ತಿರುಗಿ ತಂದೆಯ ಮಾತೆತ್ತಿದಳು. ನನ್ನ ತಂಗಿಯ ಯಜಮಾನರು 2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಐಸಿಯುನಲ್ಲೇ ತೀರಿಕೊಂಡರು. ತಂಗಿಯನ್ನು ಒಳಗೆ ಬಿಡಲಿಲ್ಲ, ಮಗಳು ವಿಮಾನ ಹತ್ತುವಂತಿರಲಿಲ್ಲ. ಒಬ್ಬ ವಾರ್ಡ್ ಹುಡುಗ, ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟವನು, ತನ್ನ ಸ್ವಂತ ಫೋನಿನಲ್ಲಿ ಇಬ್ಬರಿಗೂ ಮುಖ ತೋರಿಸಿದ. ಇವಳು ಅಲ್ಲಿಂದ, "ಸ್ವಲ್ಪ ತಲೆ ಕಡೆ ಎತ್ತಪ್ಪ" ಎಂದಳು. "ಆಯ್ತಕ್ಕ" ಎಂದು ಹಾಸಿಗೆ ಎತ್ತಿದ. ಕೇಳದೆಯೇ ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒರೆಸಿದ. ಮಾರನೆಯ ದಿನ ಎಲ್ಲ ಮುಗಿದಿತ್ತು.

"ಅಮ್ಮ, ಅಪ್ಪನ ಬಾಯಿಗೆ ನೀರು ಮುಟ್ಟಿಸಿದವನು ಡಾಕ್ಟರಲ್ಲ. ಅವನ ಹೆಸರೂ ನಮಗೆ ಗೊತ್ತಿಲ್ಲ. ಅವನು ಮಾಡಿದ ಕೆಲಸಾನೇ ನಾನು ಇಲ್ಲಿ ಮಾಡ್ತಿರೋದು" ಎಂದಳು.

ತಂಗಿ ಏನೂ ಹೇಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಬಹಳ ಹೊತ್ತು ಆ ಧ್ವಜದ ಕಡೆ ನೋಡುತ್ತಾ ಕುಳಿತಿದ್ದಳು.

ಪುಣೆಯಲ್ಲಿ ಮೂವತ್ತು ವರ್ಷದಿಂದ ಇರುವ ನಾನು ಸೈನ್ಯದ ನೆರೆಯಲ್ಲೇ ಬದುಕಿದವಳು. ಖಡಕಿಯಲ್ಲಿ 1974ರಿಂದ ಬೆನ್ನುಹುರಿ ಮುರಿದ ಯೋಧರ ಪುನರ್ವಸತಿ ಕೇಂದ್ರವಿದೆ. 1917ರಲ್ಲಿ ಸ್ಥಾಪನೆಯಾದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಕೈಕಾಲು ಕಳೆದುಕೊಂಡ ಸೈನಿಕರಿಗೆ ಇಂದಿಗೂ ಕೆಲಸ ಕಲಿಸುತ್ತಿದೆ. 2003ರಿಂದ ಮಾಜಿ ಸೈನಿಕರಿಗೆ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆಯೂ ಇದೆ. ಅಲ್ಲೆಲ್ಲ ಇಂಥ ಹೆಣ್ಣು ಗಂಡುಗಳು ದಿನವೂ ಮಗ್ಗುಲು ಬದಲಿಸುತ್ತಿದ್ದಾರೆ, ಹಲ್ಲುಜ್ಜಿಸುತ್ತಿದ್ದಾರೆ. ನಮ್ಮವರು ಆಸ್ಪತ್ರೆಯಿಂದ ಮನೆಗೆ ಬಂದಾಗ ಡಾಕ್ಟರಿಗೆ ಶಾಲು ಹೊದಿಸುತ್ತೇವೆ, ನರ್ಸಿಗೆ ಸಿಹಿ ಕೊಡುತ್ತೇವೆ. ಮೂರನೆಯವರ ಹೆಸರು ಕೇಳಿ ತಿಳಿದುಕೊಂಡವರು ನಮ್ಮಲ್ಲಿ ಎಷ್ಟು ಮಂದಿ? 1992ರಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕಾ ವಿಎ ಆಸ್ಪತ್ರೆಯ ನರ್ಸ್ ಸೂ ಕಿನಿಕ್ ಎಂಬಾಕೆ ಬಾಡಿಗೆ ಕಾರು ಹಿಂದಿರುಗಿಸುವಾಗ ಅದರ ಬಾರ್‌ಕೋಡ್ ಓದುವುದನ್ನು ಕಂಡು, ರೋಗಿಯ ಕೈಪಟ್ಟಿಗೂ ಔಷಧಿಗೂ ಹೀಗೇ ಮಾಡಿದರೆ ತಪ್ಪು ಔಷಧಿ ಕೊಡುವುದು ತಪ್ಪುತ್ತದಲ್ಲ ಎಂದು ಯೋಚಿಸಿದಳು. ಮುಂದೆ ಎಲ್ಲ ವಿಎ ಆಸ್ಪತ್ರೆಗಳಿಗೂ ಅದು ಬಂತು. ರೋಗಿಯ ಹಾಸಿಗೆಯ ಬಳಿ ದಿನವೂ ನಿಲ್ಲುವವರ ಕಣ್ಣಿಗೆ ಬೀಳುವುದು ಮೇಜಿನ ಹಿಂದೆ ಕೂತವರಿಗೆ ಹೊಳೆಯುವುದು ಕಷ್ಟ.

ನಾವು ಹೊರಡುವ ಹಿಂದಿನ ಭಾನುವಾರ ಶಿಕಾಗೋದ ಹತ್ತಿರ ಲೆಮಾಂಟ್ ಎಂಬಲ್ಲಿರುವ ರಾಮ ದೇವಸ್ಥಾನಕ್ಕೆ ಹೋಗಿದ್ದೆವು. ಗುಡ್ಡದ ಮೇಲಿನ ಚೆಲುವಾದ ದೇವಾಲಯ, ಆವರಣದಲ್ಲಿ ವಿವೇಕಾನಂದರ ಪ್ರತಿಮೆ. ದರ್ಶನ ಮುಗಿಸಿ ಊಟದ ಮನೆಯಲ್ಲಿ ಪುಳಿಯೋಗರೆ ತಿನ್ನುತ್ತಿರುವಾಗ ಕನ್ನಡದ ಮಾತು ಕೇಳಿ ಒಬ್ಬ ಹೆಂಗಸು ಬಂದು ಪರಿಚಯ ಮಾಡಿಕೊಂಡರು. ಮೈಸೂರಿನ ಕಡೆಯವರು. ಊರು, ಮಕ್ಕಳು, ಮೊಮ್ಮಕ್ಕಳ ವಿಚಾರವೆಲ್ಲ ಆಯಿತು. ಕೊನೆಗೆ ತಂಗಿಯನ್ನು, "ನಿಮ್ಮ ಮಗಳು ಏನು ಮಾಡ್ಕೊಂಡಿದಾರೆ?" ಎಂದು ಕೇಳಿದರು.

"ಮಾಜಿ ಸೈನಿಕರ ಆಸ್ಪತ್ರೆ ಐಸಿಯುನಲ್ಲಿ ಟೆಕ್ನಿಷಿಯನ್" ಎಂದಳು ತಂಗಿ. "ಎರಡೆರಡು ಗಂಟೆಗೆ ರೋಗಿಗಳನ್ನ ಹೊರಳಿಸ್ತಾಳೆ. ಎದೆ ನಿಂತ್ರೆ ಒತ್ತುತಾಳೆ."

"ಅಯ್ಯೋ, ಕಷ್ಟದ ಕೆಲಸ ಕಣ್ರೀ."

"ಹೂಂ, ಬೆನ್ನು ನೋಯುತ್ತೆ ಅವಳಿಗೆ" ಎಂದಳು ನನ್ನ ತಂಗಿ. "ಕೆಲಸದಿಂದ ಬಂದ ರಾತ್ರಿ ನಾನೇ ಎಣ್ಣೆ ಹಚ್ಚಿ ತಿಕ್ಕುತೀನಿ."